ಗುಳ್ಳೆ ಅಳೆದರೆ ಸಾಕೇ?

ವಿಜ್ಞಾನ ಮೇಳಕ್ಕೆ ನಮ್ಮ ತಂಡ ಯೀಸ್ಟ್ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಅದು ಬೇಗ ಕೆಲಸ ಮಾಡುತ್ತದೆ, ಆ ಕೆಲಸ ಕಣ್ಣಿಗೂ ಕಾಣುತ್ತದೆ. ಬಾಟಲಿಯಲ್ಲಿ ಬೆಚ್ಚಗಿನ ನೀರು, ಸಕ್ಕರೆ, ಯೀಸ್ಟ್ ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ಬಲೂನ್ ಎದ್ದು ನಿಲ್ಲುತ್ತದೆ. 'ಯಾವ ಉಷ್ಣತೆಯಲ್ಲಿ ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ?' ಅಂತ ಬರೆದು ಮೇಡಂಗೆ ತೋರಿಸಿದೆವು.

"ಬಲೂನ್ ಅಳೆದರೆ ಗೊತ್ತಾಗೋದು ಅನಿಲ. ಬೆಳವಣಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು.

ಆ ಒಂದು ಪ್ರಶ್ನೆಯಿಂದಲೇ ನಮ್ಮ ಪ್ರಯೋಗಕ್ಕೆ ರೂಪ ಬಂತು. ಯೀಸ್ಟ್ ಬೆಳೆಯುವುದು ಅಂದರೆ ಕೋಶಗಳ ಸಂಖ್ಯೆ ಹೆಚ್ಚುವುದು. ಒಂದು ಕೋಶದ ಪಕ್ಕದಲ್ಲಿ ಮೊಗ್ಗು ಮೂಡಿ, ದೊಡ್ಡದಾಗಿ, ಬೇರೆಯಾಗುತ್ತದೆ. ಎಲ್ಲವೂ ಅನುಕೂಲವಾಗಿದ್ದರೂ ಎರಡು ಪಟ್ಟಾಗಲು ಸುಮಾರು ಒಂದೂವರೆ ಗಂಟೆ ಬೇಕು. ಅನಿಲ ಬರುವುದು ಹುದುಗುವಿಕೆಯಿಂದ, ಅಂದರೆ ಸಕ್ಕರೆ ಒಡೆಯುವುದರಿಂದ. ಅದಕ್ಕೆ ಕೋಶ ಹೆಚ್ಚಲೇಬೇಕು ಅಂತೇನಿಲ್ಲ. 1897ರಲ್ಲಿ ಜರ್ಮನಿಯ ವಿಜ್ಞಾನಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಹಿಂಡಿ, ಕೋಶವೇ ಇಲ್ಲದ ರಸದಲ್ಲೂ ಸಕ್ಕರೆ ಹುದುಗುವುದನ್ನು ತೋರಿಸಿದರು. 1907ರ ನೊಬೆಲ್ ಅವರಿಗೆ ಬಂದದ್ದು ಇದಕ್ಕೇ. ಮೇಡಂ ಇದನ್ನು ಹೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಹಾಗಾಗಿ ಅನಿಲವನ್ನೂ ಕೋಶಗಳನ್ನೂ ಬೇರೆ ಬೇರೆಯಾಗಿಯೇ ಅಳೆದೆವು. ಬಲೂನ್ ಬಿಟ್ಟೆವು. ರಬ್ಬರ್ ಹಿಗ್ಗುವುದಕ್ಕೇ ಒತ್ತಡ ಬೇಕು, ಅಲ್ವಾ? ಬದಲಿಗೆ ನೀರು ತುಂಬಿದ ಅಳತೆ ಜಾಡಿಯನ್ನು ಬೋರಲು ಹಾಕಿ, ಕೊಳವೆಯಿಂದ ಬಂದ ಅನಿಲವನ್ನು ಅದರಲ್ಲಿ ಹಿಡಿದೆವು. ಹೋಲಿಸಿ ನೋಡಲು ಸಕ್ಕರೆ ಇಲ್ಲದ ಒಂದು ಬಾಟಲಿ, ಯೀಸ್ಟ್ ಇಲ್ಲದ ಇನ್ನೊಂದು. ಉಳಿದ ಬಾಟಲಿಗಳಿಗೆಲ್ಲ ಒಂದೇ ಪ್ಯಾಕೆಟಿನ ಯೀಸ್ಟ್, ಒಂದೇ ತೂಕ. ಬದಲಾಗಿದ್ದು ಉಷ್ಣತೆ ಮಾತ್ರ.

ಕೋಶ ಎಣಿಸುವುದೇ ಕಷ್ಟದ ಕೆಲಸ. ಕೋಶ ಎಣಿಸಲೆಂದೇ ಚೌಕಗಳಿರುವ ಹೀಮೋಸೈಟೋಮೀಟರ್ ಗಾಜಿನ ಮೇಲೆ ಒಂದು ಹನಿ, ಜೊತೆಗೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ. ಬದುಕಿರುವ ಕೋಶ ಬಣ್ಣವನ್ನು ಕಳೆದುಬಿಡುತ್ತದೆ, ಸತ್ತದ್ದು ನೀಲಿಯಾಗಿಯೇ ಉಳಿಯುತ್ತದೆ. ಮೊಗ್ಗನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ ಬೇಡವಾ ಅನ್ನುವುದಕ್ಕೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಕೊನೆಗೆ, ತಾಯಿ ಕೋಶದ ಅರ್ಧದಷ್ಟಾದರೂ ಇದ್ದರೆ ಬೇರೆ ಕೋಶ ಅಂತ ನಿಯಮ ಬರೆದಿಟ್ಟುಕೊಂಡು ಎಣಿಸಲು ಕೂತೆವು. ಎಣಿಸುವ ಮುಂಚೆಯೇ ನಿಯಮ ಇರಬೇಕು ಅನ್ನುವುದು ಮೇಡಂ ಹಟ. ಅದು ಸರಿಯಾದ ಹಟ.

ನನಗೆ ಈಗಲೂ ತುಂಬಾ ಇಷ್ಟವಾಗುವ ಭಾಗ ಬೇರೆ. ಐಸ್ ನೀರಿನಲ್ಲಿಟ್ಟ ಬಾಟಲಿ, 60 ಡಿಗ್ರಿಯಲ್ಲಿಟ್ಟ ಬಾಟಲಿ, ಎರಡರಲ್ಲೂ ಗುಳ್ಳೆ ಇಲ್ಲ. ಪಟ್ಟಿಯಲ್ಲಿ ಎರಡಕ್ಕೂ ಸೊನ್ನೆ. ಆಮೇಲೆ ಎರಡನ್ನೂ 35 ಡಿಗ್ರಿ ನೀರಿಗೆ ಇಳಿಸಿದೆವು. ತಣ್ಣಗಿದ್ದದ್ದು ನಿಧಾನಕ್ಕೆ ಗುಳ್ಳೆ ಬಿಡಲು ಶುರು ಮಾಡಿತು. ಬಿಸಿಯದ್ದು ಸುಮ್ನೆ ಇತ್ತು. ಅದರ ಒಂದು ಹನಿಗೆ ಬಣ್ಣ ಹಾಕಿ ನೋಡಿದರೆ ಕೋಶಗಳೆಲ್ಲ ನೀಲಿ. ಒಂದು ಸೊನ್ನೆ ನಿದ್ದೆ, ಇನ್ನೊಂದು ಸೊನ್ನೆ ಸಾವು.

ಈಗಿನ ವಿದ್ಯಾರ್ಥಿಗಳು ಇದನ್ನು ಮುಂದುವರಿಸಬಹುದು. ಬೇಕರಿ ಯೀಸ್ಟಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯಲು ಬರುವುದಿಲ್ಲ. ಬರೀ ಲ್ಯಾಕ್ಟೋಸ್ ಇರುವ ಒಂದು ಬಾಟಲಿ, ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವವನ್ನೂ ಸೇರಿಸಿದ ಇನ್ನೊಂದು ಇಟ್ಟು ನೋಡಿ. ಯಾರಾದರೂ ಮಾಡಿದರೆ ತಿಳಿಸಿ, ಮೇಳಕ್ಕೆ ಖಂಡಿತ ಬರುತ್ತೇನೆ.