ನಾಲ್ಕನೇ ನಂಬರಿನ ಟ್ರಾಮ್

ಕ್ರಾಕೋವ್‌ಗೆ ಎಂಬ ಪೋಲೆಂಡಿನ ಊರಿಗೆ ಹೋದವರು ವಾವೆಲ್ ಕೋಟೆ ನೋಡುತ್ತಾರೆ, ಹಳೇ ಪೇಟೆಯ ಚೌಕದಲ್ಲಿ ಕೂತು ಕಾಫಿ ಕುಡಿಯುತ್ತಾರೆ. ನಾನು ಎರಡನ್ನೂ ಮೊದಲ ದಿನವೇ ಮುಗಿಸಿ, ಮರುದಿನ ಬೆಳಿಗ್ಗೆ ನಾಲ್ಕನೇ ನಂಬರಿನ ಟ್ರಾಮ್ ಹತ್ತಿ ಪೂರ್ವಕ್ಕೆ, ನೋವಾ ಹುತಾ ಕಡೆಗೆ ಹೊರಟೆ. ಭದ್ರಾವತಿಯಲ್ಲಿ ಬೆಳೆದವಳಿಗೆ ಕಬ್ಬಿಣದ ಊರೆಂದರೆ ತವರಿದ್ದ ಹಾಗೆ.

ನೋವಾ ಹುತಾ ಎಂದರೆ ಪೋಲಿಷ್ ಭಾಷೆಯಲ್ಲಿ ಹೊಸ ಉಕ್ಕಿನ ಕಾರ್ಖಾನೆ. ಒಳ್ಳೆಯ ಬೆಳೆ ಬರುತ್ತಿದ್ದ ಹೊಲಗಳ ಮೇಲೆ 1949ರಲ್ಲಿ ಈ ಊರು ಎದ್ದಿತು. ಐದು ವರ್ಷಕ್ಕೆ ಕುಲುಮೆ ಹೊತ್ತಿತು. ಕಾರ್ಖಾನೆಗೆ ಲೆನಿನ್ ಹೆಸರು. ಎಪ್ಪತ್ತರ ದಶಕದ ಕೊನೆಗೆ ಸುಮಾರು 38 ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಚೌಕದಲ್ಲಿ ಇಳಿದರೆ ಅಗಲವಾದ ರಸ್ತೆಗಳು, ಕಮಾನಿನ ಕಟ್ಟಡಗಳು, ನಡುವೆ ಮರಗಳು ತುಂಬಿದ ಅಂಗಳಗಳು. ಇಷ್ಟು ನೆರಳಿರುವ ಕಾರ್ಮಿಕರ ಬಡಾವಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. 2004ರಿಂದ ಆ ಚೌಕಕ್ಕೆ ರೊನಾಲ್ಡ್ ರೇಗನ್ ಹೆಸರು. ಪಕ್ಕದ ಗುಲಾಬಿ ರಸ್ತೆಯಲ್ಲಿದ್ದ ಲೆನಿನ್ ಪ್ರತಿಮೆಯನ್ನು 1989ರ ಡಿಸೆಂಬರಿನಲ್ಲೇ ಕಿತ್ತಿದ್ದರು.

ಮಧ್ಯಾಹ್ನ ಒಂದು ‘ಮಿಲ್ಕ್ ಬಾರ್’ ಹೊಕ್ಕೆ. ಸಮಾಜವಾದದ ಕಾಲದ ಅಗ್ಗದ ಊಟದ ಮನೆಗಳಿವು. ಸರ್ಕಾರದ ಸಹಾಯಧನದಿಂದ ಇಂದೂ ನಡೆಯುತ್ತಿವೆ. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ ನಮ್ಮ ಕಡುಬಿನಂತೆಯೇ ಇತ್ತು. ಎದುರಿಗೆ ಕೂತ ಅಜ್ಜಿ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಜೊತೆಗಿದ್ದ ಮೊಮ್ಮಗಳು ಅವರ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

‘ಅಂಗಡಿಯಲ್ಲಿ ವಿನೆಗರ್ ಬಿಟ್ಟರೆ ಏನೂ ಇರುತ್ತಿರಲಿಲ್ಲಮ್ಮ. ಮಾಂಸಕ್ಕೆ ಕಾರ್ಡು. ಕಾರ್ಡಿದ್ದರೂ ಸಾಲು.’

‘ಆಮೇಲೆ, ಅಜ್ಜಿ?’

‘ಆಮೇಲೆ ಎಲ್ಲ ಬಂತು. ಕಿತ್ತಳೆ, ಚಾಕೊಲೇಟ್, ಜರ್ಮನಿಯ ಸೋಪು. ನಾನು ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಡುತ್ತಿದ್ದೆ.’

ಆ ‘ಆಮೇಲೆ’ ಶುರುವಾದದ್ದು 1990ರ ಜನವರಿ 1ರಂದು. ಕಮ್ಯುನಿಸ್ಟರ ನಂತರ ಬಂದ ಹೊಸ ಸರ್ಕಾರದ ಹಣಕಾಸು ಮಂತ್ರಿ ಲೆಶೆಕ್ ಬಾಲ್ಸೆರೋವಿಚ್ ಬಹುಪಾಲು ಬೆಲೆಗಳ ಮೇಲಿದ್ದ ಸರ್ಕಾರದ ಹಿಡಿತ ತೆಗೆದರು, ಸಬ್ಸಿಡಿ ಕತ್ತರಿಸಿದರು, ಸಂಬಳ ಏರದಂತೆ ಕಾರ್ಖಾನೆಗಳ ಮೇಲೆ ತೆರಿಗೆ ಹಾಕಿದರು, ಡಾಲರಿಗೆ ಅಲ್ಲಿನ ಹಣದಲ್ಲಿ 9,500 ಜ್ವೋಟಿಯ ದರ ಕಟ್ಟಿದರು. ಅವರನ್ನು ಸುಲಭವಾಗಿ ಬೈಯಲು ನನಗೆ ಮನಸ್ಸಾಗುವುದಿಲ್ಲ. 1989ರ ಅಕ್ಟೋಬರ್ ಒಂದರಲ್ಲೇ ಬೆಲೆಗಳು ಅರ್ಧಕ್ಕಿಂತ ಹೆಚ್ಚು ಏರಿದ್ದವು, ಏನಾದರೂ ಮಾಡಲೇಬೇಕಿತ್ತು. ಹಣದುಬ್ಬರ ಇಳಿಯಿತು, ಅಂಗಡಿ ತುಂಬಿತು, ಮುಂದೆ ದೇಶ ಬೆಳೆದದ್ದೂ ನಿಜ. ಆದರೆ ನಿರುದ್ಯೋಗವೆಂಬುದು ಲೆಕ್ಕದಲ್ಲೇ ಇರದಿದ್ದ ನಾಡಿನಲ್ಲಿ 1993ರ ಕೊನೆಗೆ ನೂರಕ್ಕೆ 16 ಮಂದಿಗೆ ಕೆಲಸವಿರಲಿಲ್ಲ.

ನನ್ನನ್ನು ಕಲಕಿದ್ದು ಅಜ್ಜಿಯ ಗಂಡನ ಕಥೆ. 1988ರ ವಸಂತದಲ್ಲಿ ಇದೇ ಕಾರ್ಖಾನೆಯ ಮುಷ್ಕರದಲ್ಲಿ ಅವರಿದ್ದರು. ಮೇ 5ರ ಬೆಳಗಿನ ಜಾವ ಪೊಲೀಸರು ಒಳನುಗ್ಗಿ ಹೊಡೆದಾಗಲೂ ಇದ್ದರು. ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘ ಗೆದ್ದು ಅದರದೇ ಸರ್ಕಾರ ಬಂತು. ಮುಂದೆ ಕಾರ್ಖಾನೆಯ ವಿಭಾಗಗಳು ಒಂದೊಂದಾಗಿ ಬೇರೆ ಕಂಪನಿಗಳಾದವು. ಅವರು ಅವಧಿಗೆ ಮುಂಚೆಯೇ ಪಿಂಚಣಿ ಪಡೆದು ಮನೆ ಸೇರಿದರು. ‘ಬದಲಾವಣೆ ಬೇಕೆಂದು ಕೇಳಿದವರು ನಾವೇ. ಆದರೆ ಇದನ್ನು ಕೇಳಿರಲಿಲ್ಲ’ ಎಂದು ಹೇಳುತ್ತಿದ್ದರಂತೆ. ‘ಹಾಗಾದರೆ ಹಳೆಯದೇ ಚೆನ್ನಾಗಿತ್ತೇ?’ ಎಂದೆ. ಅಜ್ಜಿ ಜೋರಾಗಿ ತಲೆಯಾಡಿಸಿ ಬೇಡವೆಂದರು. ಮೊಮ್ಮಗಳು ಪಾಸ್‌ಪೋರ್ಟ್‌ಗಾಗಿ ಯಾರ ಕಾಲನ್ನೂ ಹಿಡಿಯಬೇಕಿಲ್ಲ, ಅದು ಸಾಕು ಎಂದರು.

ಸಂಜೆ ಮತ್ತೆ ಟ್ರಾಮ್ ಹಿಡಿದು ಕಾರ್ಖಾನೆಯ ಹೆಬ್ಬಾಗಿಲಿಗೆ ಹೋದೆ. ಎರಡೂ ಕಡೆ ಅರಮನೆಯಂಥ ಆಡಳಿತ ಕಟ್ಟಡಗಳು. 2000ದ ದಶಕದಲ್ಲಿ ಕಾರ್ಖಾನೆ ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮಿ ಮಿತ್ತಲ್ ಅವರ ಕಂಪನಿಯ ಕೈಸೇರಿತು. ಅದಿರು ಕರಗಿಸುವ ಊದುಕುಲುಮೆಯನ್ನು ಕಾಯಂ ಆಗಿ ಮುಚ್ಚುವ ಘೋಷಣೆ ಬಂದದ್ದು 2020ರಲ್ಲಿ. ಉಕ್ಕನ್ನು ತಗಡಾಗಿಸುವ ರೋಲಿಂಗ್ ಮಿಲ್ ಉಳಿದಿದೆ. ಪಾಳಿ ಮುಗಿಸಿದ ಹತ್ತಿಪ್ಪತ್ತು ಜನ ಟಿಫನ್ ಚೀಲ ಹಿಡಿದು ಹೊರಬಂದು, ನಾನು ನಿಂತಿದ್ದ ನಿಲ್ದಾಣದಲ್ಲೇ ಟ್ರಾಮಿಗೆ ಕಾಯತೊಡಗಿದರು.