ವ್ಯಾಲೆಂಟೈನ್‌ನಿಂದ ಸೇಂಟ್ ಡೆನಿಸ್‌ಗೆ ಕುದುರೆಯ ಮೇಲೆ: ಹೊರಡುವ ಮುಂಚೆ ತಿಳಿದಿರಬೇಕಾದದ್ದು

ರೆಡ್ ಡೆಡ್ ರಿಡೆಂಪ್ಶನ್ 2 ಎಂಬ ಕೌಬಾಯ್ ಕಾಲದ ವಿಡಿಯೊ ಗೇಮಿನಲ್ಲಿ ವ್ಯಾಲೆಂಟೈನ್ ಪೇಟೆಯಿಂದ ಸೇಂಟ್ ಡೆನಿಸ್‌ಗೆ ರೈಲಿದೆ, ಸ್ಟೇಜ್‌ಕೋಚ್ ಇದೆ. ಎರಡೂ ಬೇಡ. ಟಿಕೆಟ್ ತೆಗೆದ ಕೂಡಲೇ ದಾರಿಯೇ ಮಾಯವಾಗುತ್ತದೆ, ಆ ಗೇಮ್‌ನಲ್ಲಿ ನೋಡಬೇಕಾದದ್ದು ದಾರಿಯೇ.

ಮನೆಯಲ್ಲಿ ಪಿಎಸ್4 (ಪ್ಲೇಸ್ಟೇಷನ್ 4) ಇಲ್ಲದೆ ಕಾಸರಗೋಡು ಪೇಟೆಯ ಗೇಮ್ ಪಾರ್ಲರಿಗೆ ಹೋಗುವವರು ಕೂರುವ ಮೊದಲೇ ಎರಡು ವಿಷಯ ಕೇಳಿಕೊಳ್ಳಿ. ಗೇಮ್ ಇನ್‌ಸ್ಟಾಲ್ ಆಗಿದೆಯಾ? ಎರಡನೇ ಅಧ್ಯಾಯದ ಸೇವ್ ಇದೆಯಾ? ಡಿಸ್ಕ್ ಎರಡು ಇರುತ್ತವೆ, ಡಾಟಾ ಡಿಸ್ಕ್ ಪೂರ್ತಿ ಇಳಿಯದೆ ಪ್ಲೇ ಡಿಸ್ಕ್ ಓಡುವುದಿಲ್ಲ. ಪೇಟೆಯ ಒಂದು ಪಾರ್ಲರಿನಲ್ಲಿ ಆ ಇನ್‌ಸ್ಟಾಲ್ ಹೊತ್ತಿಗೂ ಗಂಟೆ ಲೆಕ್ಕದಲ್ಲಿ ದುಡ್ಡು ಕೀಳುತ್ತಾರೆ. ಇದು ಮೋಸವೇ. ಹೊಸದಾಗಿ ಶುರು ಮಾಡಿದರೆ ಹಿಮದ ಮೊದಲ ಅಧ್ಯಾಯ ಮುಗಿಯುವವರೆಗೆ ಬೇಕಾದ ಕಡೆ ಸುತ್ತಲು ಬಿಡುವುದೂ ಇಲ್ಲ. ಭಾನುವಾರದ ಗದ್ದಲದಲ್ಲಿ ಹೋಗಬೇಡಿ, ಹೆಡ್‌ಫೋನ್ ನಿಮ್ಮದೇ ಇರಲಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಆಗಾಗ ಕೈಯಾರೆ ಸೇವ್ ಮಾಡಿ.

ಊಟಕ್ಕೆ ವ್ಯಾಲೆಂಟೈನ್‌ನ ಸಲೂನ್ (ಹೆಂಡದಂಗಡಿ) ಬೇಡ. ಪೇಟೆಯ ಹತ್ತಿರವೇ ಹಾರ್ಸ್‌ಶೂ ಓವರ್‌ಲುಕ್ ಎಂಬ ನಿಮ್ಮ ಗ್ಯಾಂಗಿನ ಕ್ಯಾಂಪಿನಲ್ಲಿ ಅಡುಗೆಯವ ಪಿಯರ್ಸನ್ ಬೇಯಿಸುವ ಸ್ಟ್ಯೂ ಇದೆ, ಬಿಟ್ಟಿ. ಕೋರ್‌ಗಳು, ಅಂದರೆ ಜೀವ, ದಣಿವಿನ ಅಳತೆಗಳು, ತುಂಬುತ್ತವೆ. ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಡೆಯಬಹುದು, ಹಾಗಾಗಿ ಅದನ್ನು ಹಿಡಿದು ಬಂಡೆಯ ಅಂಚಿಗೆ ಬನ್ನಿ. ಕೆಳಗೆ ಡಕೋಟಾ ನದಿ, ಬೆಳಗಿನ ಹೊತ್ತಾದರೆ ಕಣಿವೆಯ ತುಂಬ ಮಂಜು. ಕ್ಯಾಂಪಿನೊಳಗೆ ಓಡಲು ಗೇಮ್ ಬಿಡುವುದೇ ಇಲ್ಲ, ನಡೆಯಲೇಬೇಕು. ಈ ಪ್ರಯಾಣಕ್ಕೆ ಬೇಕಾದ ಅಭ್ಯಾಸವೂ ಅದೇ.

ಹೊರಡುವ ಮೊದಲು ಕಂಟ್ರೋಲರಿನ ಡಿ-ಪ್ಯಾಡ್‌ನ ಕೆಳಗಿನ ಗುಂಡಿ ಒತ್ತಿ ಹಿಡಿದು ರೇಡಾರ್, ಅಂದರೆ ಪುಟ್ಟ ಮ್ಯಾಪ್, ಆಫ್ ಮಾಡಿ. ಅದು ಮೂಲೆಯಲ್ಲಿರುವಷ್ಟು ಹೊತ್ತು ಕಣ್ಣು ದಾರಿ ತೋರುವ ಕೆಂಪು ಗೆರೆಯ ಮೇಲೇ ಇರುತ್ತದೆ, ಬೆಟ್ಟದ ಮೇಲಲ್ಲ. ದಾರಿ ತಪ್ಪಿದರೆ ದೊಡ್ಡ ಮ್ಯಾಪ್ ತೆಗೆದು ನೋಡಿ, ಮುಚ್ಚಿ. ಎಕ್ಸ್ ಒತ್ತದೆ ಎಡಗಡೆಯ ಸ್ಟಿಕ್ ಮಾತ್ರ ತಳ್ಳಿದರೆ ಕುದುರೆ ನಡೆಯುತ್ತದೆ. ಟಿವಿಯಲ್ಲಿ ವಿವಿಡ್ ಮೋಡ್ ಇದ್ದರೆ ತೆಗೆಸಿ, ಸಂಜೆಯ ಬಣ್ಣ ಕೆಟ್ಟುಹೋಗುತ್ತದೆ.

ಎಲ್ಲರೂ ಹೊಗಳುವ ಸಿನಿಮ್ಯಾಟಿಕ್ ಕ್ಯಾಮೆರಾ ಮಾತ್ರ ನಿರಾಸೆಯ ವಿಷಯ. ಮ್ಯಾಪಿನಲ್ಲಿ ಗುರುತು ಹಾಕಿ, ಟಚ್‌ಪ್ಯಾಡ್ ಒತ್ತಿ ಹಿಡಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಕುದುರೆ ತಾನೇ ದಾರಿ ಹಿಡಿಯುತ್ತದೆ. ಚಂದವೇ. ಆದರೆ ಏನು ನೋಡಬೇಕೆಂದು ತೀರ್ಮಾನಿಸುವುದು ಕ್ಯಾಮೆರಾ, ನೀವಲ್ಲ. ಎಡಗಡೆ ಕಾಡೆಮ್ಮೆಗಳ ಹಿಂಡು ಹೋಗುತ್ತಿರುವಾಗ ಅದು ಕುದುರೆಯ ಕಾಲು ತೋರಿಸುತ್ತಿರುತ್ತದೆ. ಹೊಂಚು ಹಾಕಿದವರು ಮೇಲೆ ಬಿದ್ದರೂ ಗೊತ್ತಾಗುವುದು ತಡವಾಗಿ.

ಹೊತ್ತಿನ ಲೆಕ್ಕ ಗೊತ್ತಿರಲಿ. ಗೇಮ್‌ನ ಒಂದು ದಿನ ಅಂದರೆ ನಮ್ಮ 48 ನಿಮಿಷ, ಒಂದು ಗಂಟೆ ಅಂದರೆ ಎರಡೇ ನಿಮಿಷ. ಬೆಳಕು ಹರಿಯುವುದನ್ನು ನೋಡಬೇಕಾದರೆ ಹಾರ್ಟ್‌ಲ್ಯಾಂಡ್ಸ್ ಬಯಲಿನಲ್ಲಿ ಎತ್ತರದ ಜಾಗ ಮೊದಲೇ ಹಿಡಿದು ನಿಂತಿರಿ, ಆಮೇಲೆ ಹುಡುಕಿದರೆ ಸಿಗದು. ಹೊತ್ತು ಹೊಂದದಿದ್ದರೆ ಅಲ್ಲೇ ಕ್ಯಾಂಪ್ ಹಾಕಿ ಮಲಗಿ ಹೊತ್ತು ಮುಂದೆ ತಳ್ಳಬಹುದು.

ಎಮರಾಲ್ಡ್ ರ‍್ಯಾಂಚ್ ದಾಟಿ, ಡ್ಯೂಬೆರಿ ಹೊಳೆ ಕಳೆದು ರೋಡ್ಸ್ ಕಡೆಗೆ ತಿರುಗಿದರೆ ನೆಲದ ಬಣ್ಣವೇ ಬೇರೆ. ನಮ್ಮ ಬದಿಯಡ್ಕ, ಪೆರ್ಲದ ಮುರಕಲ್ಲು ಮಣ್ಣಿನಂಥ ಕೆಂಪು. ಮಳೆ ಬಂದರೆ ಕೆಸರು ಕುದುರೆಯ ಹೊಟ್ಟೆವರೆಗೆ ಮೆತ್ತುತ್ತದೆ, ಹಾಗೇ ಬಿಟ್ಟರೆ ಕುದುರೆ ಸೊರಗುತ್ತದೆ. ಇಳಿದು ಬ್ರಷ್ ಮಾಡಿ. ಲೆಮೊಯ್ನ್ ರೈಡರ್ಸ್ ಎಂಬ ದರೋಡೆಕೋರರು ಓಡಾಡುವ ಸೀಮೆಯೂ ಇದೇ, ಮೈಮರೆತು ನಿಲ್ಲಬೇಡಿ.

ಅಲ್ಲಿಂದಾಚೆ ಬಯೂ ನ್ವಾ ಜೌಗು. ಇಡೀ ದಾರಿಯಲ್ಲಿ ನಿಧಾನಕ್ಕೆ ಪೂರ್ತಿ ಬೆಲೆ ಸಿಗುವ ಜಾಗ ಇದು. ಕುದುರೆ ನಿಲ್ಲಿಸಿ, ಹೆಡ್‌ಫೋನ್ ಹಾಕಿ, ಸುಮ್ಮನೆ ಕೇಳಿ: ಕಪ್ಪೆ, ಹುಳ, ಎಲ್ಲೋ ನೀರು ಕಲಕುವ ಸದ್ದು. ಹಗಲಲ್ಲೇ ದಾಟಿ. ರಾತ್ರಿ ನೈಟ್ ಫೋಕ್ ಎಂಬ ಜೌಗಿನ ಕೊಲೆಗಡುಕರು ಮೇಲೆ ಬೀಳುತ್ತಾರೆ, ನೀರಿನಂಚಿನಲ್ಲಿ ಯಾವ ಹೊತ್ತಿಗೂ ಮೊಸಳೆಯ ಭಯ. ಬಿದ್ದ ಕುದುರೆಯನ್ನು ಎಬ್ಬಿಸುವ ಮದ್ದು ಹಾರ್ಸ್ ರಿವೈವರ್ ಒಂದಾದರೂ ಚೀಲದಲ್ಲಿರಲಿ, ಅದಿಲ್ಲದೆ ಕುದುರೆ ಸತ್ತರೆ ಹೋದ ಹಾಗೆಯೇ.

ಸೇಂಟ್ ಡೆನಿಸ್ ಜನಜಂಗುಳಿಯ ಊರು, ಹೊಗೆ ಬೇರೆ. ಜೌಗಿನ ಅಂಚಿನಿಂದ ದೀಪಗಳನ್ನು ನೋಡಿ ತಿರುಗಿದರೂ ನಷ್ಟವಿಲ್ಲ. ಒಳಗೆ ಹೋಗುವುದಾದರೆ ಕುದುರೆಯನ್ನು ನಡೆಸಿಕೊಂಡೇ ಹೋಗಿ. ಓಡಿಸುವಾಗ ಯಾರಿಗಾದರೂ ತಾಗಿತೋ, ಪೊಲೀಸರು ಬೆನ್ನು ಹತ್ತುತ್ತಾರೆ.