ಯುಗಾದಿಗೆ ಮುಂಚಿನ ಹಿತ್ತಲು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗಿದೆ. ಮಾರ್ಚ್ ನಡುವಿನ ಭಾನುವಾರ, ಬೆಳಿಗ್ಗೆ ಆರೂವರೆ. ಮೈಸೂರಿನ ಒಂದು ಹಿತ್ತಲಲ್ಲಿ ದುಂಡುಮಲ್ಲಿಗೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಜನವರಿ ಮೊದಲ ವಾರ ಮೊಣಕಾಲೆತ್ತರಕ್ಕೆ ಕತ್ತರಿಸಿದ ಬೂದುಬಣ್ಣದ ಕಡ್ಡಿ. ಅದರ ಒಂದೊಂದು ಗೆಣ್ಣಿನಿಂದಲೂ ಎದುರುಬದುರು ಹೊರಟ ಎರಡೆರಡು ಕವಲು. ಕವಲಿಗೆ ಮೂರೋ ನಾಲ್ಕೋ ಜೊತೆ ಎಲೆ, ಎಣ್ಣೆ ಸವರಿದ ಹಾಗೆ ಹೊಳಪು. ತುದಿಯಲ್ಲಿ ಮೂರು ಮೊಗ್ಗು: ನಡುವಿನದು ಕಡಲೆಯಷ್ಟು ದಪ್ಪವಾಗಿ ಬೆಳ್ಳಗಾಗುತ್ತಿದೆ, ಅಕ್ಕಪಕ್ಕದ ಎರಡು ಇನ್ನೂ ಹಸಿರು, ಜೀರಿಗೆ ಗಾತ್ರ. ಎರಡು ತಿಂಗಳ ಹಿಂದೆ ಇದು ಒಲೆಗೆ ಹಾಕುವ ಸೌದೆಯಂತಿತ್ತು. ನೋಡಿದವರೆಲ್ಲ ‘ಅಯ್ಯೋ, ಗಿಡ ಕೊಂದುಬಿಟ್ರಲ್ಲ’ ಅನ್ನುವಂತಿತ್ತು.

ನಮ್ಮ ಕಡೆಯ ವಸಂತದ ಗುಟ್ಟೇ ಇದು. ಇಲ್ಲಿ ಹಿಮ ಕರಗಿ ಹೂ ಅರಳುವುದಿಲ್ಲ, ಬಾಯಾರಿ ಅರಳುತ್ತದೆ. ನೆಲ ಒಣಗಿದಾಗ ಗಿಡ ಉದ್ದಕ್ಕೆ ಬೆಳೆಯುವುದನ್ನು ನಿಲ್ಲಿಸುತ್ತದೆ, ಎಲೆ ಮಾಡಿದ ಆಹಾರ ಕಡ್ಡಿಯಲ್ಲೇ ಕೂಡಿಕೊಳ್ಳುತ್ತದೆ. ಆಮೇಲೆ ನೀರು ಸಿಕ್ಕ ತಕ್ಷಣ ಆ ಕೂಡಿಟ್ಟದ್ದೆಲ್ಲ ಚಿಗುರಿಗೂ ಹೂವಿಗೂ ಹೋಗುತ್ತದೆ. ‘ದಿನಾ ನೀರು ಹಾಕ್ತೀವಿ, ಆದ್ರೂ ಹೂವೇ ಬಿಡಲ್ಲ’ ಎನ್ನುವವರ ಮನೆಯಲ್ಲಿ ಗಿಡ ನೋಡಿದರೆ ಎಲೆ ದಟ್ಟ, ಬಣ್ಣ ಕಡು ಹಸಿರು, ಬಳ್ಳಿಯ ಹಾಗೆ ಗೋಡೆ ಹತ್ತಿರುತ್ತದೆ. ದೋಷ ಆ ‘ದಿನಾ’ ಎನ್ನುವುದರಲ್ಲೇ ಇದೆ.

ನೆಲದಲ್ಲಿರುವ ಮಲ್ಲಿಗೆಗೆ ಡಿಸೆಂಬರ್ ಕೊನೆಗೆ ಹತ್ತು ಹದಿನೈದು ದಿನ ನೀರು ಪೂರ್ತಿ ನಿಲ್ಲಿಸಬೇಕು. ಎಲೆ ಬಾಡಿ ಬಣ್ಣ ಕೆಟ್ಟಾಗ ಕತ್ತರಿ. ನೆಲದಿಂದ ಒಂದೂವರೆ ಅಡಿ ಬಿಟ್ಟು, ಗೆಣ್ಣಿನ ಮೇಲೆ ಅರ್ಧ ಬೆರಳು ಜಾಗ ಉಳಿಸಿ, ಓರೆಯಾಗಿ ಕತ್ತರಿಸುವುದು. ಒಣಗಿದ್ದು, ಪೆನ್ಸಿಲ್‌ಗಿಂತ ತೆಳ್ಳಗಿನದು, ಒಂದಕ್ಕೊಂದು ಉಜ್ಜುವುದು, ಇವನ್ನು ಬುಡಕ್ಕೇ ತೆಗೆಯಬೇಕು. ಉಳಿದ ಎಲೆಯನ್ನೂ ಕೈಯಲ್ಲಿ ಕಿತ್ತುಬಿಡಬೇಕು; ಹೊಟ್ಟೆ ಉರಿದರೂ ಸರಿ. ಎರಡು ಮೂರು ದಿನ ಬಿಟ್ಟು ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಮೂರು ನಾಲ್ಕು ಇಂಚು ಆಳಕ್ಕೆ ಕೆದಕಿ, ಒಂದು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ, ಕಾಲು ಕೇಜಿಗೆ ಸ್ವಲ್ಪ ಕಡಿಮೆ ಬೇವಿನ ಹಿಂಡಿ ಸೇರಿಸಿ ಮಣ್ಣು ಮುಚ್ಚಿ, ಆಗ ಪಾತಿ ತುಂಬ ನೀರು. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಅದು ಕೊಳೆಯುವಾಗಿನ ಬಿಸಿಗೆ ಎಳೆ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳುವಿನ ಮೊಟ್ಟೆ ಬಿಟ್ಟಿ.

ಕುಂಡದ ಗಿಡಕ್ಕೆ ಮಾತ್ರ ಈ ಉಪವಾಸ ಹೇಳಿ ಮಾಡಿಸಿದ್ದಲ್ಲ. ಹದಿನಾಲ್ಕು ಇಂಚಿನ ಕುಂಡದಲ್ಲಿ ಬೇರಿಗೆ ಓಡಿಹೋಗಲು ಜಾಗವಿಲ್ಲ; ಹದಿನೈದು ದಿನ ನೀರು ನಿಲ್ಲಿಸಿದರೆ ಸತ್ತೇಹೋಗುತ್ತದೆ. ಅಲ್ಲಿ ನಾಲ್ಕೈದು ದಿನ ಅರ್ಧ ನೀರು ಕೊಟ್ಟು ಕತ್ತರಿಸಿದರೆ ಸಾಕು.

ಕತ್ತರಿ ಬಿದ್ದ ಹತ್ತು ಹನ್ನೆರಡು ದಿನಕ್ಕೆ ಗೆಣ್ಣಿನಲ್ಲಿ ರಾಗಿ ಕಾಳಿನಷ್ಟು ಉಬ್ಬು ಕಾಣುತ್ತದೆ. ಹಿತ್ತಲಿಗೆ ಜೀವ ಬರುವ ಮೊದಲ ಗಳಿಗೆ ಅದೇ. ಹೂವಿನ ದಿನಕ್ಕಿಂತ ಆ ಉಬ್ಬು ಕಂಡ ದಿನವೇ ದೊಡ್ಡದು ಎಂದರೆ ಗಿಡ ಸಾಕಿದವರು ಒಪ್ಪುತ್ತಾರೆ. ಬೆರಳಿಂದ ಮುಟ್ಟಿ ನೋಡುವ ಆಸೆ ಬೇಡ, ತಟಕ್ಕನೆ ಮುರಿಯುತ್ತದೆ.

ಮೊಗ್ಗು ಬಂದಮೇಲೆ ಎರಡು ಕಾಟ. ಬೆಳ್ಳಗಾಗಬೇಕಾದ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಮೈಯಲ್ಲಿ ಸೂಜಿ ಚುಚ್ಚಿದಂಥ ತೂತಿದ್ದರೆ ಒಳಗೆ ಮೊಗ್ಗುಹುಳು ಇದೆ. ನಾಲ್ಕೈದು ಗಿಡಕ್ಕೆ ಔಷಧಿ ಡಬ್ಬಿ ತರುವುದು ದಂಡ. ಅಂಥ ಮೊಗ್ಗು ಕಿತ್ತು, ಬುಡಕ್ಕೆ ಎಸೆಯದೆ, ಸೋಪುನೀರಿನ ಮಗ್ಗಿಗೆ ಹಾಕಿದರೆ ಮುಗಿಯಿತು. ಇನ್ನೊಂದು, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು. ಗಡಸು ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದು ಮಾಮೂಲು. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ಅಂಶ ಹೆಚ್ಚಾಗಿ ಗಿಡಕ್ಕೆ ಅದು ಎಟಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಸುರಿಯುವವರೇ ಹೆಚ್ಚು. ಅದರಿಂದ ಎಲೆ ಹೆಚ್ಚುತ್ತದೆ, ಹೂವಲ್ಲ.

ಏಳು ಗಂಟೆ. ಬೇರೆ ಕೆಲಸ ಬಿಟ್ಟು ಸಿಹಿಗುಂಬಳದ ಬಳ್ಳಿಗೆ ಹೋಗಬೇಕು, ಅದು ಕಾಯುವುದಿಲ್ಲ. ಹೂವು ಬೆಳಕು ಹರಿಯುವಾಗ ಅರಳಿ, ಬಿಸಿಲೇರಿದಂತೆ ಮುದುಡುತ್ತದೆ. ಹತ್ತು ಗಂಟೆಗೆ ಕಥೆ ಮುಗಿದಿರುತ್ತದೆ. ಜನವರಿ ಕೊನೆಗೆ ಊರಿದ ಬೀಜದ ಬಳ್ಳಿ ಇದು. ಮೊದಲ ವಾರ ಬಂದದ್ದೆಲ್ಲ ಗಂಡು ಹೂವು, ಬರೀ ತೊಟ್ಟಿನ ಮೇಲೆ ನಿಂತದ್ದು. ‘ಹೂ ಬಿಡುತ್ತೆ, ಉದುರುತ್ತೆ, ಕಾಯಿ ಕಚ್ಚಲ್ಲ’ ಎಂಬ ದೂರು ಹುಟ್ಟುವುದು ಈ ವಾರದಲ್ಲಿ. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಕಾಯಿ ಮೊದಲೇ ಇರುತ್ತದೆ, ನೋಡಿದರೆ ಮರೆಯುವಂತಿಲ್ಲ. ಗಂಡು ಹೂವು ಕಿತ್ತು, ಹಳದಿ ಎಸಳು ಸುಲಿದು, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ನಾಲ್ಕು ಸಲ ಸವರಿದರೆ ಸಾಕು. ಬೆರಳಿಗೆ ಅರಿಸಿನದಂತೆ ಹುಡಿ ಅಂಟಿದರೆ ಸರಿಯಾಗಿದೆ ಎಂದರ್ಥ. ಕೂಡಿದ್ದರೆ ಮೂರು ನಾಲ್ಕು ದಿನದಲ್ಲಿ ಪುಟ್ಟ ಕಾಯಿ ತಲೆ ತಗ್ಗಿಸಿ ದಪ್ಪವಾಗುತ್ತದೆ. ಇಲ್ಲವಾದರೆ ಹಳದಿಯಾಗಿ ತುದಿಯಿಂದ ಕೊಳೆಯುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆದರೆ ಇದ್ದ ಜೇನೂ ಬರುವುದಿಲ್ಲ.

ಮಾವಿನ ಮರದಡಿ ನಿಂತ ಕಾರಿನ ಗಾಜು ಅಂಟು ಅಂಟು. ಮರ ತನ್ನ ಆರೋಗ್ಯವನ್ನು ಗಾಜಿನ ಮೇಲೆ ಬರೆದಿದೆ ಅಂದುಕೊಳ್ಳಿ. ಹೂಗೊಂಚಲಿನ ರಸ ಹೀರುವ ಜಿಗಿಹುಳು ಹೊರಹಾಕುವ ಸಿಹಿ ಅಂಟು ಅದು. ಬಿಟ್ಟರೆ ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆದು ಎಲೆ ಮಸಿಯಾಗುತ್ತದೆ. ತಿಳಿಯಬೇಕಾದರೆ ಗೊಂಚಲಿನ ಕೆಳಗೆ ಹಳೆ ಪೇಪರ್ ಹಿಡಿದು ಕೊಂಬೆ ಒಮ್ಮೆ ತಟ್ಟಬೇಕು. ಗೋಧಿ ಕಾಳಿಗಿಂತ ಚಿಕ್ಕ, ಬೆಣೆಯಾಕಾರದ ಹುಳುಗಳು ಪಟಪಟನೆ ಹನಿಯುದುರಿದ ಸದ್ದು ಮಾಡಿ ಹಾರುತ್ತವೆ. ಒಂದೆರಡಿದ್ದರೆ ಬಿಟ್ಟುಬಿಡಿ. ಹತ್ತಿಪ್ಪತ್ತಿದ್ದರೆ ಮುಂದಿನ ಸಲ ಹೂವಿನ ಕಡ್ಡಿ ಹೊರಡುವಾಗಲೇ ಬೇವಿನೆಣ್ಣೆ ಹೊಡೆಯಬೇಕು. ಹೂವು ಪೂರ್ತಿ ಅರಳಿದಾಗ ಏನನ್ನೂ ಹೊಡೆಯಬಾರದು. ಮಾವಿಗೆ ಪರಾಗ ಸಾಗಿಸುವುದು ಹೆಚ್ಚಾಗಿ ನೊಣಗಳು, ಮನೆ ಹೆಂಗಸರು ಗಂಡಸರು ಇಬ್ಬರೂ ಅಟ್ಟಿಸಿಕೊಂಡು ಹೋಗುವ ಅದೇ ಜಾತಿಯವು. ಗೊಂಚಲಿಗೆ ಹಿಟ್ಟು ಎರಚಿದಂತೆ ಬೂದಿ ರೋಗ ಬಂದಿದ್ದರೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ, ಅದೂ ತಂಪು ಹೊತ್ತಿನಲ್ಲಿ, ಬೇವಿನೆಣ್ಣೆಗೂ ಇದಕ್ಕೂ ನಡುವೆ ಎರಡು ವಾರ ಬಿಟ್ಟು. ಬೆರೆಸಿದರೆ ಎಲೆ ಸುಡುತ್ತದೆ.

ಕೆಳಗೆ ಉದುರಿದ ಬಟಾಣಿ ಗಾತ್ರದ ಮಿಡಿ ಗುಡಿಸುವಾಗ ಕರುಳು ಚುರ್ ಎನ್ನುವುದು ಸಹಜ. ಒಂದು ಗೊಂಚಲಿನಲ್ಲಿ ನೂರಾರು ಹೂವು, ಕೆಲವು ಸಲ ಸಾವಿರಾರು. ಅದರಲ್ಲಿ ಹಲವು ಬರೀ ಗಂಡು. ಕೊನೆಗೆ ಗೊಂಚಲಿಗೆ ಒಂದೋ ಎರಡೋ ಹಣ್ಣು ನಿಂತರೆ ಮರ ಚೆನ್ನಾಗಿದೆ ಎಂದೇ ಲೆಕ್ಕ. ಇಲ್ಲೂ ಅದೇ ಬಾಯಾರಿಕೆಯ ನಿಯಮ: ಮಳೆ ನಿಂತಮೇಲೆ ಮರಕ್ಕೆ ನೀರಿಲ್ಲ, ಡಿಸೆಂಬರ್ ಜನವರಿಯ ತಣ್ಣನೆ ರಾತ್ರಿಗಳು ಹೂವಿನ ಮೊಳಕೆ ಎಬ್ಬಿಸುತ್ತವೆ, ಮಿಡಿ ಬಟಾಣಿಯಾದಮೇಲಷ್ಟೆ ವಾರಕ್ಕೊಮ್ಮೆ ಪಾತಿ ತುಂಬ ನೀರು. ಆ ರಾತ್ರಿಗಳಲ್ಲಿ ಬಚ್ಚಲ ನೀರು ಮರದ ಬುಡಕ್ಕೆ ಹರಿಯುತ್ತಿದ್ದರೆ ಹೂವಿನ ಬದಲು ತಾಮ್ರ ಬಣ್ಣದ ಚಿಗುರು ಬರುತ್ತದೆ. ಚಂದವೇನೋ ಹೌದು, ಉಪ್ಪಿನಕಾಯಿಗೆ ಬರುವುದಿಲ್ಲ. ಬಾದಾಮಿ ಜಾತಿಯ ಮಾವಾದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಲ. ಅದಕ್ಕೆ ಮನೆಯವರನ್ನು ಬೈದು ಪ್ರಯೋಜನವಿಲ್ಲ.

ದಾಸವಾಳದ ತುದಿ ಚಿಗುರು ಮುರುಟಿಕೊಂಡು ಬಿಳಿ ಹತ್ತಿಯಂತೆ ಕಂಡರೆ ಹಿಟ್ಟುತಿಗಣೆ. ಮೊದಲು ಇರುವೆ ಸಾಲು ಎಲ್ಲಿಂದ ಬಂದಿದೆ ಎಂದು ಹುಡುಕಿ. ತಿಗಣೆಯ ಸಿಹಿಗೆ ಇರುವೆ ಕಾವಲು ನಿಂತು ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ತುದಿ ಕತ್ತರಿಸಿ ಚೀಲಕ್ಕೆ ತುಂಬಿ, ಉಳಿದಿದ್ದಕ್ಕೆ ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆದು, ಸಂಜೆ ಬೇವಿನೆಣ್ಣೆ. ಎಣ್ಣೆಯನ್ನು ಸೀದಾ ನೀರಿಗೆ ಸುರಿದರೆ ತೇಲುತ್ತದೆ, ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಸಿಂಪಡಿಸಿದಂತಾಗಿ ಎಲೆ ಸುಟ್ಟುಹೋಗುತ್ತದೆ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಸೋಪುದ್ರವ, ಅದಕ್ಕೆ ಒಂದು ಚಮಚ, ಅಂದರೆ 5 ಎಂ.ಎಲ್., ಎಣ್ಣೆ ಹಾಕಿ ಹಾಲಿನಂತೆ ಬೆಳ್ಳಗಾಗುವ ತನಕ ಕಲಕಿ, ಆಮೇಲೆ ಒಟ್ಟು ಒಂದು ಲೀಟರ್ ಮಾಡಬೇಕು. ವಾರಕ್ಕೊಮ್ಮೆ, ಮೂರು ವಾರ. ಒಂದೇ ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಬಂದ ಮರಿಗಳು ಮತ್ತೆ ಶುರು ಮಾಡುತ್ತವೆ.

ಕರಿಬೇವು, ನಿಂಬೆ ಎರಡರ ಎಳೆ ಎಲೆಯ ಮೇಲೂ ಹಕ್ಕಿ ಹಿಕ್ಕೆಯಂಥದೊಂದು ಕೂತಿರುತ್ತದೆ, ಮುಟ್ಟಿದರೆ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಪಾತರಗಿತ್ತಿಯ ಮರಿಹುಳು. ಅಂಗೈಯಗಲದ ಸಸಿಯಾದರೆ ತೆಗೆದುಹಾಕಿ, ಇಲ್ಲವಾದರೆ ಎರಡು ದಿನದಲ್ಲಿ ದಂಟು ಮಾತ್ರ ಉಳಿಯುತ್ತದೆ. ಆಳೆತ್ತರದ ಗಿಡವಾದರೆ ಒಂದೆರಡಕ್ಕೆ ಊಟ ಹಾಕಿದರೆ ನಷ್ಟವಿಲ್ಲ. ನಿಂಬೆ ಎಲೆಯ ಮೇಲೆ ಬೆಳ್ಳಿ ಗೆರೆ ಎಳೆಯುವ ರಂಗೋಲಿಹುಳು ನೋಡಲು ಕೆಟ್ಟದಾದರೂ ದೊಡ್ಡ ಗಿಡಕ್ಕೆ ಅಂಥ ಹಾನಿ ಮಾಡುವುದಿಲ್ಲ. ಕೊಂಬೆ ಸವರುವ ಮುಂಚೆ ಎಲೆಗಳ ನಡುವೆ ಒಮ್ಮೆ ಕಣ್ಣಾಡಿಸಿ: ಎರಡು ಎಲೆ ದಾರದಿಂದ ಹೊಲಿದಂತಿದ್ದರೆ ಒಳಗೆ ಸಿಂಪಿಗನ ಗೂಡು, ತೆಳ್ಳನೆ ರೆಂಬೆಯ ತುದಿಗೆ ಜೇಡರ ಬಲೆ, ನಾರು, ತೊಗಟೆ ಚೂರಿನ ಚೀಲ ತೂಗುತ್ತಿದ್ದರೆ ಸೂರಕ್ಕಿಯದು. ಕತ್ತರಿ ಒಂದು ತಿಂಗಳು ಪಕ್ಕಕ್ಕೆ.

ಒಂಬತ್ತು ಗಂಟೆಗೆ ಬಿಸಿಲು ಚುರುಕು. ಬೀದಿಯ ಹೊಂಗೆ ಮರ ಎಲೆ ಉದುರಿಸಿ ವಾರದೊಳಗೆ ಹೊಸ ಎಲೆ ಹೊದ್ದಿದೆ. ಉದುರಿದ್ದನ್ನು ಗುಡಿಸಿ ಬೆಂಕಿ ಇಡುವ ಬದಲು ಒಳಗೆ ತಂದು ಪಾತಿಗೆ ಎರಡು ಇಂಚು ಹೊದಿಸಿದರೆ ದಿನ ಬಿಟ್ಟು ದಿನದ ನೀರು ಮೂರು ದಿನಕ್ಕೊಮ್ಮೆಯಾಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮೂರು ಬೆರಳು ಜಾಗ ಬಿಡದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ದಾರಿ. ನೀರಿನ ಪೈಪ್ ಬಿಸಿಲಲ್ಲಿ ಬಿದ್ದಿದ್ದರೆ ಮೊದಲು ಬರುವ ನೀರು ಕೈಗೇ ಸುಡುತ್ತದೆ, ಅದನ್ನು ಬೇರೆಡೆ ಹಿಡಿದಿಟ್ಟು ಆರಿದ ಮೇಲೆ ಹಾಕಿ. ಕುಂಡಕ್ಕೆ ನೀರು ಬೇಕೋ ಬೇಡವೋ ಎನ್ನುವುದಕ್ಕೆ ತೋರುಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸುವುದೇ ಸರಿಯಾದ ಅಳತೆ. ಮಧ್ಯಾಹ್ನ ಎಲೆ ಜೋತುಬಿದ್ದದ್ದು ಕಂಡು ಓಡಿಹೋಗಿ ನೀರು ಸುರಿಯಬೇಕಿಲ್ಲ, ಸಂಜೆಗೂ ಏಳದಿದ್ದರೆ ಆಗ ಯೋಚನೆ.

ಹಳ್ಳಿಯಲ್ಲಿ ಯುಗಾದಿಗೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಹೂಡುತ್ತಾರೆ. ಹಿತ್ತಲಲ್ಲಿ ಬೆಂಡೆ ಬೀಜ ಊರಿದರೂ ಆಯಿತು. ಆದರೆ ಹಬ್ಬವನ್ನೇ ಗುರುತಾಗಿಟ್ಟುಕೊಂಡರೆ ಎಡವಟ್ಟು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಗಿಡಕ್ಕೆ ಪಂಚಾಂಗ ಗೊತ್ತಿಲ್ಲ. ಮಾರ್ಚ್ ಮುಗಿಯುವುದರೊಳಗೆ ಊರಿದರೆ ಒಳ್ಳೆಯದು. ಬೀಜ ರಾತ್ರಿ ನೆನೆಸಿ, ಅರ್ಧ ಇಂಚಿಗೆ ತುಸು ಹೆಚ್ಚು ಆಳ, ಗಿಡಕ್ಕೆ ಗಿಡ ಒಂದಡಿ. ಈ ಬಿಸಿಗೆ ಐದಾರು ದಿನಕ್ಕೆ ಮೊಳಕೆ, ನಲವತ್ತೈದು ದಿನದ ಹೊತ್ತಿಗೆ ಹೂವು. ಬಿಳಿನೊಣ ಹರಡುವ ಹಳದಿ ನಂಜು ರೋಗವನ್ನು ತಡೆಯುತ್ತದೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ತಳಿ ತರುವವರಿದ್ದಾರೆ, ತನ್ನಿ. ಆದರೂ ನರ ಹಳದಿಯಾದ ಗಿಡ ಒಂದು ಕಂಡರೂ ಅವತ್ತೇ ಕೀಳಬೇಕು. ವಾಸಿ ಮಾಡುವ ಔಷಧಿ ಇಲ್ಲ.

ಸಂಜೆ ಐದೂವರೆಗೆ ಹಿತ್ತಲಿಗೆ ಎರಡನೆಯ ಬೆಳಗು. ಕುಂಬಳ ಮುದುಡಿದ್ದಾಗ ಹೀರೆಯ ಹಳದಿ ಹೂವು ಅರಳಲು ಶುರು; ಅದರ ಪರಾಗಕ್ಕೆ ಕೈ ಹಾಕುವುದಾದರೆ ಈಗಲೇ, ಕತ್ತಲಾಗುವುದರೊಳಗೆ. ಬೇವಿನ ಹೂವಿನ ವಾಸನೆ ನೆಲಕ್ಕಿಳಿಯುತ್ತಿದೆ. ಮಲ್ಲಿಗೆಯಲ್ಲಿ ಬೆಳಿಗ್ಗೆ ಗುರುತಿಟ್ಟುಕೊಂಡ ಮೊಗ್ಗು ಈಗ ಪೂರ್ತಿ ಬಿಳಿ, ತುದಿ ಇನ್ನೂ ಬಿಗಿ. ಇದೇ ಹದ. ತೊಟ್ಟಿನ ಸಮೇತ ಚಿವುಟಿ, ಹಿಂಡಿದ ಒದ್ದೆ ಬಟ್ಟೆಯ ಮೇಲೆ ಹರಡಿದರೆ ಏಳೂವರೆಗೆ ಮನೆಯೊಳಗೇ ಅರಳುತ್ತದೆ. ಮೂರು ಮೊಗ್ಗೂ ಮುಗಿದ ಕವಲನ್ನು ಹಾಗೇ ಬಿಡದೆ, ತುದಿಯಿಂದ ಎರಡು ಜೊತೆ ಎಲೆ ಸೇರಿಸಿ ಕತ್ತರಿಸಿ, ಬುಡಕ್ಕೆ ಒಂದು ಹಿಡಿ ಗೊಬ್ಬರ ಕೊಡಿ. ಮತ್ತೆ ಮೊಗ್ಗಿಗೆ ತಿಂಗಳೊಪ್ಪತ್ತು.